ಮೂರೂರಿಗೆ ಹಂಚಿಹೋದ ಮಾಸ್ತರು

ಮಾಸ್ತರು ತೀರಿಕೊಂಡ ಮೇಲೆ ಶಾಲೆಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ಆಯಿತು. ಎದ್ದು ನಿಂತವರೆಲ್ಲ ಹೇಳಿದ್ದು ಒಂದೇ ಮಾತು. ಅವರು ಯಾರ ಮನಸ್ಸನ್ನೂ ನೋಯಿಸಿದವರಲ್ಲ, ತಮ್ಮ ನೋವನ್ನು ಯಾರ ಹತ್ತಿರವೂ ಹೇಳಿಕೊಂಡವರಲ್ಲ, ಎಂಥ ದೊಡ್ಡ ಗುಣ! ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಈಗ ಅವರು ಹೋದದ್ದು ನಿದ್ದೆಯಲ್ಲಿ, ಹೃದಯ ನಿಂತು, ವಯಸ್ಸಾಗಿ. ಆದರೆ ಈ ದೊಡ್ಡ ಗುಣ ಅವರನ್ನು ಎಷ್ಟೋ ವರ್ಷಗಳ ಹಿಂದೆಯೇ ಚಟ್ಟ ಹತ್ತಿಸಿಬಿಡುತ್ತಿತ್ತು. ಸ್ವಲ್ಪದರಲ್ಲಿ ತಪ್ಪಿತು. ನನ್ನ ಸರದಿ ಬಂದಾಗ ಸಭೆಯ ಮರ್ಯಾದೆಗೆ ನಾನೂ ಎರಡು ಒಳ್ಳೆಯ ಮಾತು ಹೇಳಿ ಕೂತೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಸಿದ್ದಾಪುರದಲ್ಲಿ ಮನೆ ಮಾಡಿಕೊಂಡು, ನಿಲ್ಕುಂದದ ಕಡೆಯ ಬಸ್ಸು ಹತ್ತಿ ಒಂದೇ ಹೈಸ್ಕೂಲಿಗೆ ಹೋಗುತ್ತಿದ್ದೆವು. ಅವರು ಸಮಾಜ ವಿಜ್ಞಾನದ ಮಾಸ್ತರು, ನಾನು ಗಣಿತದ ಅಕ್ಕೋರು. ಎತ್ತರದ ಆಳು, ತುಂಬುತೋಳಿನ ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಕ್ಷಮಿಸಿ ಎನ್ನುತ್ತಿದ್ದವರು ಅವರೇ. ಕಾಲು ಅಡ್ಡ ಇಟ್ಟದ್ದು ತಮ್ಮ ತಪ್ಪು ಎಂದು ಅವರ ಲೆಕ್ಕ.

ಅವರ ಬಾಯಲ್ಲಿ ಎರಡು ಮಾತು ಸದಾ ಇರುತ್ತಿದ್ದವು. ತಮ್ಮ ವಿಷಯ ಯಾರೇ ಕೇಳಲಿ, "ಅಡ್ಡಿಲ್ಲೆ" ಎನ್ನುತ್ತಿದ್ದರು. ತೊಂದರೆಯೇನೂ ಇಲ್ಲ ಎಂದು ಅರ್ಥ. ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಅದು, ಆದರೆ ಉಳಿದವರು ಆಗಾಗ ನಿಜ ಇದ್ದಾಗಲೂ ಹೇಳುತ್ತಾರೆ. ಎರಡನೆಯದು, ಏನಾದರೂ ಮಾಡಬೇಡಿ ಎಂದು ನಾವು ಹೇಳಿದರೆ ಬರುವ ಉತ್ತರ: "ಅವಕ್ಕೆ ಬೇಜಾರಾಗ್ತು." ಅವರಿಗೆ ಬೇಸರವಾದೀತು ಎಂದು. ಈ ಬೇಜಾರೆಂಬ ಭೂತಕ್ಕೆ ಹೆದರಿಕೊಂಡೇ ಅವರ ಇಡೀ ಸಂಸಾರ ನಡೆಯುತ್ತಿತ್ತು.

ಪೇಟೆಯಲ್ಲಿ ಅವರಿಗೆ ಇಬ್ಬರು ಕ್ಷೌರಿಕರು. ಒಬ್ಬ ಹಳೆಯ ಪರಿಚಯದವನು, ಇನ್ನೊಬ್ಬ ಅವರ ಶಿಷ್ಯ. ಇಬ್ಬರ ಅಂಗಡಿಯೂ ಬಸ್ ಸ್ಟ್ಯಾಂಡಿನ ದಾರಿಯಲ್ಲೇ. ಒಬ್ಬನ ಹತ್ತಿರ ಕೂದಲು ತೆಗೆಸಿಕೊಂಡು ಬಂದರೆ ಇನ್ನೊಬ್ಬನಿಗೆ ಬೇಜಾರಾಗುತ್ತದೆಂದು, ಮುಂದಿನ ವಾರ ಅವನಲ್ಲೂ ಕೂತು ಏಳುತ್ತಿದ್ದರು. ಪಾಪದ ಕೂದಲಿಗೆ ಬೆಳೆಯಲು ಪುರುಸೊತ್ತೇ ಇರಲಿಲ್ಲ. ಹೊಸದಾಗಿ ಬಂದ ಹೆಡ್‌ಮಾಸ್ತರು ಒಮ್ಮೆ ನನ್ನನ್ನು ಬದಿಗೆ ಕರೆದು, "ಅವರ ಮನೆಯಲ್ಲಿ ಪದೇ ಪದೇ ಯಾರು ತೀರಿಕೊಳ್ತಾರೆ?" ಎಂದು ಕೇಳಿದ್ದರು.

ಮದುವೆ ಮುಂಜಿಯ ದಿನಗಳಲ್ಲಂತೂ ಕೇಳಬೇಡಿ. ಒಂದೇ ದಿನ ಎರಡು ಕಡೆ ಕರೆದಿದ್ದರೆ ಉಳಿದವರು ಒಂದು ಕಡೆ ಊಟ ಮಾಡಿ ಇನ್ನೊಂದು ಕಡೆ ಮುಖ ತೋರಿಸಿ ಬರುತ್ತಾರೆ. ಇವರು ಎರಡೂ ಕಡೆ ಎಲೆ ಮುಂದೆ ಕೂತು ಹೋಳಿಗೆವರೆಗೆ ಉಣ್ಣುತ್ತಿದ್ದರು. ಸೋಮವಾರ ಶಾಲೆಗೆ ಬಂದಾಗ ಮಜ್ಜಿಗೆ ನೀರೊಂದೇ ಅವರ ಆಹಾರ.

ಪಾಠದಲ್ಲೂ ಇದೇ ಕತೆ. ಉತ್ತರಪತ್ರಿಕೆಯಲ್ಲಿ ತಪ್ಪು ಗುರುತು ಹಾಕಲು ಅವರಿಗೆ ಕೈ ಬರುತ್ತಿರಲಿಲ್ಲ. ಗಂಗಾ ನದಿ ಅರಬ್ಬೀ ಸಮುದ್ರ ಸೇರುತ್ತದೆ ಎಂದು ಒಬ್ಬ ಎದ್ದು ನಿಂತು ಹೇಳಿದಾಗ, "ಸಮುದ್ರ ಅಂತ ಹೇಳಿದ್ದು ಸರಿ ತಮಾ. ಇನ್ನೊಂದು ಬದಿಗೂ ಒಂದಿದ್ದು, ನೋಡು" ಎಂದಿದ್ದರು. ಪಕ್ಕದ ಕ್ಲಾಸಿನಲ್ಲಿ ಲೆಕ್ಕ ಬಿಡಿಸುತ್ತಿದ್ದ ನನಗೆ ಸೀಮೆಸುಣ್ಣ ಎಸೆಯುವಷ್ಟು ಕೋಪ ಬರುತ್ತಿತ್ತು. ಆದರೂ ಒಂದು ಮಾತು ಹೇಳಬೇಕು. ನನಗೆ ಬಾಣಂತನದ ಮೇಲೆ ಮೈ ಸರಿಯಿಲ್ಲದಾಗ ಇಡೀ ಒಂದು ಟರ್ಮು ನನ್ನ ಪಿರಿಯಡ್ಡುಗಳನ್ನು ತಾವು ತೆಗೆದುಕೊಂಡವರು ಅವರು. ಗಣಿತ ಬಾರದು, ಆದರೂ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸಿದ್ದರು. ನಾನು ಅವರನ್ನು ಬೈಯುವುದು ಈ ಸಲಿಗೆಯಿಂದ.

ಅವರಿಗೆ ರೋಗ ಬಂದದ್ದು ಯಾವಾಗ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅದು ಒಮ್ಮೆಗೇ ಬರಲಿಲ್ಲ. ಮೊದಲು ಮೂಗು ಕಟ್ಟಿತು. ಒಣಗಿದ ರಕ್ತದ ಹಕ್ಕಳೆ ಬರತೊಡಗಿತು. ಸಿದ್ದಾಪುರದಲ್ಲಿ ಅವರ ಮನೆಯವರನ್ನೆಲ್ಲ ಮೊದಲಿನಿಂದ ನೋಡುತ್ತಿದ್ದ ಹಿರಿಯ ಡಾಕ್ಟರೊಬ್ಬರಿದ್ದರು. ಗುಡ್ನಾಪುರದ ಕಡೆಯವರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ಅವರಿಗೇ ತೋರಿಸಬಹುದಿತ್ತು. ಆದರೆ ಶಿರಸಿಯಲ್ಲಿ ಕಿವಿ, ಮೂಗಿನ ಹೊಸ ಡಾಕ್ಟರೊಬ್ಬರು ಇವರ ಹಳೆಯ ವಿದ್ಯಾರ್ಥಿ. ಬಸ್ಸಿನಲ್ಲಿ ಸಿಕ್ಕಾಗ, "ಮಾಸ್ತರೇ, ಎಂತಾರು ಇದ್ರೆ ನನ್ನ ಹತ್ರನೇ ಬರವು" ಎಂದಿದ್ದರು. ಬರಬೇಕು ಎಂದ ಮೇಲೆ ಹೋಗದಿದ್ದರೆ ಬೇಜಾರಾಗುವುದಿಲ್ಲವೇ? ಮಾಸ್ತರು ಮೂಗನ್ನು ಶಿರಸಿಗೆ ಒಯ್ದರು. ಅವರು ಸೈನಸ್ ಎಂದು ಹನಿ ಕೊಟ್ಟರು.

ಆಮೇಲೆ ಮೊಣಕಾಲು ಹಿಡಿಯಿತು, ಪಾದದ ಮೇಲೆಲ್ಲ ನೇರಳೆ ಬಣ್ಣದ ಚುಕ್ಕೆ ಎದ್ದವು. ಅದನ್ನೂ ಶಿರಸಿಯವರಿಗೆ ಹೇಳಬಹುದಿತ್ತು. ಆದರೆ ಮೂಗಿನ ಡಾಕ್ಟರಿಗೆ ಕಾಲು ತೋರಿಸುವುದು ಮರ್ಯಾದೆಯೇ? ಕಾಲು ಸಿದ್ದಾಪುರದ ಹಿರಿಯ ಡಾಕ್ಟರ ಪಾಲಾಯಿತು. ಅಲ್ಲಿ ಮೂಗಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ತಮ್ಮನ್ನು ಬಿಟ್ಟು ಶಿರಸಿಗೆ ಹೋದರೆಂದು ಅವರಿಗೆ ಬೇಜಾರಾಗುತ್ತದಲ್ಲ! ಅವರು ವಾತ ಎಂದು ಮಾತ್ರೆ ಕೊಟ್ಟರು. ಇನ್ನೊಂದು ತಿಂಗಳಿಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಯಲ್ಲಾಪುರದ ಕಣ್ಣಿನ ಡಾಕ್ಟರು ಇವರ ಹೆಂಡತಿಯ ಚಿಕ್ಕಪ್ಪನ ಮಗಳು. ನಾದಿನಿ ಕಣ್ಣಿನ ಡಾಕ್ಟರಾಗಿರುವಾಗ ಬೇರೆಯವರಿಗೆ ಕಣ್ಣು ತೋರಿಸಿದರೆ ನೆಂಟಸ್ತಿಕೆ ಉಳಿಯುವುದುಂಟೇ? ಕಣ್ಣು ಯಲ್ಲಾಪುರಕ್ಕೆ ಹೋಯಿತು. ಆಕೆ ಅಲರ್ಜಿ ಇರಬಹುದೆಂದು ಬೇರೆ ಹನಿ ಕೊಟ್ಟರು.

ಹೀಗೆ ಒಬ್ಬ ಮನುಷ್ಯ ಮೂರೂರಿಗೆ ಹಂಚಿಹೋದರು. ಮೂವರಲ್ಲಿ ಒಬ್ಬ ಡಾಕ್ಟರೂ ದಡ್ಡರಲ್ಲ. ಮೂವರೂ, "ಬೇರೆ ಏನಾದರೂ ತೊಂದರೆ ಇದೆಯಾ? ಬೇರೆ ಔಷಧಿ ತಗೋತಿದ್ದೀರಾ?" ಎಂದು ಕೇಳುತ್ತಲೇ ಇದ್ದರು. ಮೂವರಿಗೂ ಉತ್ತರ ಒಂದೇ: "ಹಂಗೆಂತ ಇಲ್ಲೆ. ಅಡ್ಡಿಲ್ಲೆ."

ತಮಾಷೆ ಏನೆಂದರೆ, ಸಿದ್ದಾಪುರದವರು ಮೊಣಕಾಲಿಗೆಂದು ಕೆಲವು ದಿನ ಕೊಡುತ್ತಿದ್ದ ಸಣ್ಣ ಬಿಳಿ ಮಾತ್ರೆಯಲ್ಲಿ ಸ್ಟಿರಾಯ್ಡ್ ಇತ್ತು. ಅದು ಹೊಟ್ಟೆಗೆ ಬಿದ್ದ ಕೂಡಲೇ ಮೊಣಕಾಲಿನ ಜೊತೆಗೆ ಮೂಗೂ ತೆರೆಯುತ್ತಿತ್ತು, ಕಣ್ಣೂ ಬೆಳ್ಳಗಾಗುತ್ತಿತ್ತು. ಶಿರಸಿಯವರು ತಮ್ಮ ಹನಿಯ ಗುಣ ಎಂದು ಸಂತೋಷಪಟ್ಟರು. ಯಲ್ಲಾಪುರದವರೂ ತಮ್ಮ ಹನಿಯ ಗುಣ ಎಂದುಕೊಂಡರು. ಮಾತ್ರೆ ಮುಗಿದ ಕೂಡಲೇ ಎಲ್ಲವೂ ಒಟ್ಟಿಗೇ ತಿರುಗಿ ಬರುತ್ತಿತ್ತು. ಮೂರೂರಿನ ಡಾಕ್ಟರರು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ಒಟ್ಟಿಗೇ ಗೆಲ್ಲುತ್ತ ಒಟ್ಟಿಗೇ ಸೋಲುತ್ತ ಇದ್ದರು.

ಯಲ್ಲಾಪುರಕ್ಕೆ ಹೋಗಬೇಕೆಂದರೆ ಶಿರಸಿಯಲ್ಲಿ ಬಸ್ಸು ಬದಲಿಸಬೇಕು. ಒಮ್ಮೆ ಹೀಗೆ ಕೆಂಪು ಕಣ್ಣು ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೂಗಿನ ಡಾಕ್ಟರೇ ಎದುರಾದರಂತೆ. "ಕಣ್ಣಿಗೆ ಎಂತಾತು ಮಾಸ್ತರೇ?" ಎಂದು ಕೇಳಿದರು. "ಧೂಳು" ಎಂದ ಮಾಸ್ತರು, ಸುಳ್ಳು ಗೊತ್ತಾಗಬಾರದೆಂದು ಯಲ್ಲಾಪುರದ ಬಸ್ಸು ಬಿಟ್ಟು ಎದುರಿಗಿದ್ದ ಬನವಾಸಿ ಬಸ್ಸು ಹತ್ತಿ, ಊರ ಹೊರಗೆ ಇಳಿದು, ಉರಿಬಿಸಿಲಲ್ಲಿ ನಡೆದು ವಾಪಸು ಬಂದರು. ಮೊಣಕಾಲು ನೋವಿನ ಮನುಷ್ಯ! ಇದನ್ನು ನನಗೆ ಆಮೇಲೆ ಅವರೇ ಹೇಳಿದ್ದು.

ಶಾಲೆಯಲ್ಲಿ ನಮಗೆ ಯಾಕೆ ಗೊತ್ತಾಗಲಿಲ್ಲ ಎಂದರೆ, ಗೊತ್ತಾಗುವಂತೆ ಅವರು ಏನೂ ಬದಲಾಗಲಿಲ್ಲ. ಕಿವಿ ಮಂದವಾಯಿತು. ಆದರೆ ಮೊದಲಿನಿಂದಲೂ ಎಲ್ಲದಕ್ಕೂ ಹೌದು ಎನ್ನುತ್ತಿದ್ದವರು, ಕೇಳಿಸದಿದ್ದಾಗಲೂ ಹೌದು ಎಂದರು. ಯಾರಿಗೆ ವ್ಯತ್ಯಾಸ ತಿಳಿಯಬೇಕು? ಮೂಗಿನ ನಡು ಕುಸಿದು ತಗ್ಗಾಯಿತು. ನಾನು ನೋಡಿ ಗಾಬರಿಯಾಗಿ, "ಮಾಸ್ತರೇ, ಮೂಗು ಯಾಕೆ ಹೀಗಾಗಿದೆ?" ಎಂದರೆ, "ಅಡ್ಡಿಲ್ಲೆ ಅಕ್ಕೋರೇ, ಕನ್ನಡಕ ಈಗ ಜಾರ್ತಿಲ್ಲೆ" ಎಂದರು. ಮೈ ಇಳಿದುಹೋಗಿತ್ತು. ಮಗಳ ಮದುವೆಯ ಓಡಾಟ ಎಂದುಕೊಂಡೆವು.

ಆ ಮದುವೆಯೇ ಅವರನ್ನು ಉಳಿಸಿತು.

ಮದುವೆ ಶಿರಸಿಯ ಒಂದು ಕಲ್ಯಾಣಮಂಟಪದಲ್ಲಿ. ಮೂವರು ಡಾಕ್ಟರಿಗೂ ಕರೆಯೋಲೆ ಹೋಗಿತ್ತು, ಕರೆಯದೆ ಇರುವುದು ಹೇಗೆ? ಹಿಂದಿನ ದಿನ ಮಾಸ್ತರು ನನ್ನನ್ನು ಅಂಗಳದ ಮೂಲೆಗೆ ಕರೆದರು. ಮುಖ ನೋಡಿದರೆ ವರದಕ್ಷಿಣೆಯ ತಕರಾರೋ ಏನೋ ಎಂದುಕೊಂಡೆ.

"ಅಕ್ಕೋರೇ, ಒಂದು ಉಪಕಾರ ಆಗವು. ನಾಳೆ ಊಟಕ್ಕೆ ಸಿದ್ದಾಪುರದ ಡಾಕ್ಟರನ್ನ ಮೊದಲ್ನೇ ಪಂಕ್ತಿಗೆ ಕೂರ್ಸಿ. ಶಿರಸಿಯವರನ್ನ ಎರಡನೇದಕ್ಕೆ. ಯಲ್ಲಾಪುರದ ನಮ್ಮ ನಾದಿನಿಯನ್ನ ಕಡೇ ಪಂಕ್ತಿಗೆ. ಮೂರೂ ಜನ ಒಟ್ಟಿಗೆ ಮಾತ್ರ ಕೂರಲಾಗ."

"ಯಾಕೆ, ಅವರೊಳಗೆ ಜಗಳವಾ?"

"ಜಗಳ ಎಂತ ಇಲ್ಲೆ. ಬೇಜಾರಾಗ್ತು."

ಯಾರಿಗೆ, ಯಾತಕ್ಕೆ ಎಂದು ಬಿಡಿಸಿ ಹೇಳಲಿಲ್ಲ. ನಾನೂ ಹೆಚ್ಚು ಕೆದಕಲಿಲ್ಲ. ನನಗೆ ವಹಿಸಿದ ಕೆಲಸವನ್ನು ಚೊಕ್ಕಟವಾಗಿ ಮಾಡುವ ಹೆಮ್ಮೆ ನನ್ನದು.

ಆದರೆ ಡಾಕ್ಟರರನ್ನು ಬೇರೆ ಬೇರೆ ಕೂರಿಸುವ ಕಷ್ಟ ನನಗೆ ಮರುದಿನವೇ ಗೊತ್ತಾದದ್ದು. ಬೆಳಿಗ್ಗೆ ಪಾನಕದ ಟೇಬಲ್ಲಿನ ಹತ್ತಿರವೇ ಮೂವರೂ ಭೇಟಿಯಾಗಿ, ವರ್ಷಗಳ ಮೇಲೆ ಸಿಕ್ಕಿದ ಸಂಭ್ರಮದಲ್ಲಿ ನಗಾಡುತ್ತ ನಿಂತಿದ್ದರು. ಧಾರೆ ಮುಗಿದು ಊಟದ ಕರೆ ಬಂದಾಗ ನಾನು ಸಿದ್ದಾಪುರದವರ ಹತ್ತಿರ ಹೋಗಿ, "ಡಾಕ್ಟರೇ, ನಿಮಗೆ ಮೊದಲ ಪಂಕ್ತಿಯಲ್ಲಿ ಜಾಗ ಇಟ್ಟಿದ್ದೇನೆ" ಎಂದೆ.

"ಇವರಿಬ್ಬರಿಗೂ ಇಟ್ಟೀರಿಲ್ಲೋ?"

"ಅವರಿಗೆ ಆಮೇಲೆ..."

"ಹಂಗಾರ ನಮಗೂ ಆಮೇಲೇನ ಆಗ್ಲಿ ಬಿಡ್ರಿ."

ಎರಡನೆಯ ಪಂಕ್ತಿಯಲ್ಲಿ ಶಿರಸಿಯವರನ್ನು ಕರೆದೆ. ಅವರು ಉಳಿದಿಬ್ಬರ ಕೈ ಹಿಡಿದುಕೊಂಡೇ ಹೊರಟರು. ನಡುವೆ ಯಾರಾದರೂ ದಪ್ಪನೆಯ ನೆಂಟರನ್ನು ಕೂರಿಸೋಣವೆಂದು ನೋಡಿದೆ. ಆ ನೆಂಟರನ್ನು ಎಬ್ಬಿಸಿ ಪಕ್ಕಕ್ಕೆ ಕಳಿಸಿ ಮೂವರೂ ಸಾಲಾಗಿ ಕೂತರು. ಕೈಚೆಲ್ಲಿ ಕಂಬಕ್ಕೆ ಒರಗಿ ನಿಂತೆ.

ನಮ್ಮಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಮನೆಯ ಯಜಮಾನ ಕೈಮುಗಿದುಕೊಂಡು ಸಾಲಿನ ಉದ್ದಕ್ಕೂ ಬಂದು, "ಸಾವಕಾಶ ಆಗ್ಲಿ, ಇನ್ನೊಂದು ಹಾಕ್ಸಿಕೊಳ್ಳಿ" ಎಂದು ಉಪಚಾರ ಹೇಳಬೇಕು. ಮಾಸ್ತರು ಹಾಗೇ ಬರುತ್ತಿದ್ದರು. ಮಡಿ ಪಂಚೆ, ಶಲ್ಯ, ಬೆವರಿದ ಮುಖ. ಮೂವರು ಡಾಕ್ಟರು ಒಟ್ಟಿಗೆ ಕೂತದ್ದು ಕಂಡದ್ದೇ ನಿಂತಲ್ಲೇ ನಿಂತರು. ಮೆಲ್ಲಗೆ ಎದುರಿನ ಸಾಲಿಗೆ ದಾಟುವುದರಲ್ಲಿದ್ದರು.

"ಭಾವಾ!" ಎಂದರು ಯಲ್ಲಾಪುರದವರು. "ಓಡೂದೆಂತಕ್ಕೆ? ಕಣ್ಣು ಹೆಂಗಿದ್ದು?"

"ಕಣ್ಣಾ?" ಎಂದರು ಶಿರಸಿಯವರು. "ಮೂಗು ಹೆಂಗಿದ್ದು ಮಾಸ್ತರೇ?"

"ಯಾವ ಮೂಗರಿ?" ಎಂದರು ಸಿದ್ದಾಪುರದವರು. "ಮಾಸ್ತರ, ಮೊಣಕಾಲು ಹೆಂಗದಾವು?"

ಮಾಸ್ತರು ಮುಗಿದ ಕೈ ಬಿಡದೆ ಮೂವರಿಗೂ ಸೇರಿಸಿ ಒಂದೇ ಸಲ ಹೇಳಿದರು: "ಅಡ್ಡಿಲ್ಲೆ. ಸಾವಕಾಶ ಆಗ್ಲಿ."

ಡಾಕ್ಟರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಾಪುರದ ಹಿರಿಯರ ಕೈಯಲ್ಲಿದ್ದ ಹೋಳಿಗೆಯ ತುಂಡು ಬಾಯಿಗೆ ಹೋಗಲಿಲ್ಲ. ಶಿರಸಿಯವರ ಕಡೆ ತಿರುಗಿ, "ಮೂಗಿನ್ಯಾಗ ರಕ್ತದ ಹಕ್ಕಳಿ ಬರ್ತಾವೇನು?" ಎಂದು ಕೇಳಿದರು. ಅವರು ಹೌದೆಂದರು. ಯಲ್ಲಾಪುರದವರ ಕಡೆ ತಿರುಗಿ, ಕಣ್ಣಿನ ಬಿಳಿಭಾಗದಲ್ಲಿ ಉರಿಯೂತ ಇದೆಯೇ ಎಂದು ಕೇಳಿದರು. ಆಕೆಯೂ ಹೌದೆಂದರು. ಕಾಲಿನ ನೇರಳೆ ಚುಕ್ಕೆಯ ವಿಷಯ ಹಿರಿಯರೇ ಹೇಳಿದರು. ಮಾಸ್ತರನ್ನು ಕೆಮ್ಮು ಉಂಟೇ ಎಂದು ಕೇಳಿದರೆ, ಅದಕ್ಕೆ ಪಕ್ಕದ ಮನೆಯವರ ಕಷಾಯ ನಡೆಯುತ್ತಿದೆ ಎಂದು ತಿಳಿದುಬಂತು. ಹಿರಿಯ ಡಾಕ್ಟರು ಹೋಳಿಗೆಯನ್ನು ಎಲೆಯ ಮೇಲಿಟ್ಟರು. ಇಡೀ ಪಂಕ್ತಿಗೆ ಕೇಳುವ ದನಿಯಲ್ಲಿ ಕೇಳಿದರು:

"ಮಾಸ್ತರ, ಉಚ್ಚಿ ಯಾವ ಬಣ್ಣ ಬರಾಕ ಹತ್ತೈತಿ?"

ಎದುರಿನ ಸಾಲಿನಲ್ಲಿ ಕೂತಿದ್ದ ವರನ ಸೋದರಮಾವ ಪಾಯಸದ ದೊನ್ನೆ ಕೆಳಗಿಟ್ಟರು.

"ಊಟ ಆಗ್ಲಿ ಡಾಕ್ಟರೇ, ಆಮೇಲೆ..." ಎಂದರು ಮಾಸ್ತರು.

ಹಿರಿಯ ಡಾಕ್ಟರು ಎದ್ದೇಬಿಟ್ಟರು. ಎಲ್ಲರ ಊಟ ಮುಗಿಯುವ ಮೊದಲು ಪಂಕ್ತಿಯಿಂದ ಏಳುವುದೆಂದರೆ ನಮ್ಮಲ್ಲಿ ಮನೆಯವರಿಗೆ ಅವಮಾನ ಮಾಡಿದಂತೆ. ಸಾಲಿಗೆ ಸಾಲೇ ಕೈ ತಡೆದು ನೋಡುತ್ತಿತ್ತು. ಎಂಜಲು ಬಲಗೈಯನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಮಾಸ್ತರ ರಟ್ಟೆ ಹಿಡಿದು, ಅವರು ಮಂಟಪದ ಹಿಂಬದಿಗೆ ಹೊರಟರು. ಹಿಂದೆ ಉಳಿದಿಬ್ಬರು ಡಾಕ್ಟರು, ಅವರ ಹಿಂದೆ ನಾನು. ಹೋಗುತ್ತ ಹಿರಿಯರು ಟೇಬಲ್ಲಿನ ಮೇಲಿಂದ ನೀರಿನ ಒಂದು ಪ್ಲಾಸ್ಟಿಕ್ ಬಾಟಲಿ ಎತ್ತಿಕೊಂಡು, ನೀರು ಚೆಲ್ಲಿ, ಮಾಸ್ತರ ಕೈಗೆ ಕೊಟ್ಟು ಬಚ್ಚಲಿಗೆ ತಳ್ಳಿದರು.

ಒಳಗಿನಿಂದ ಬಂದ ಬಾಟಲಿಯನ್ನು ಅವರು ಬಿಸಿಲಿಗೆ ಹಿಡಿದರು. ಹಾಲು ಹಾಕದ ಚಹಾದ ಬಣ್ಣ. ಬಾಟಲಿ ಮೂವರ ಕೈಯಲ್ಲೂ ಒಂದು ಸುತ್ತು ಬಂತು.

"ಎಷ್ಟ ದಿನ ಆತು ಹಿಂಗ?"

"ಸುಮಾರು ದಿನ ಆತು."

"ಮತ್ಯಾಕ ಹೇಳಲಿಲ್ಲ?"

"ಇಂಥದ್ದೆಲ್ಲ ನಿಂಗಳ ಹತ್ರ ಹೆಂಗೆ ಹೇಳದು ಡಾಕ್ಟರೇ? ನಿಂಗಳಿಗೆ ಒಂದು ಮರ್ಯಾದೆ ಇಲ್ಯ?"

"ನಿಮ್ಮ ಮರ್ಯಾದಿ ತಗೊಂಡು ನಾ ಏನ ಮಾಡ್ಲಿ ಮಾರಾಯ್ರ!" ಎಂದು ಹಿರಿಯ ಡಾಕ್ಟರು ಗುಡುಗಿದರು. "ನನಗ ಬೇಕಾಗಿದ್ದು ನಿಮ್ಮ ಉಚ್ಚಿ!" ಹಾಗೆನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಎಂಜಲು ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಆ ಬಚ್ಚಲ ಬಾಗಿಲಲ್ಲೇ ನನಗೆ ರೋಗದ ಪಾಠವಾಯಿತು. ರಕ್ತನಾಳಗಳ ಉರಿಯೂತ. ತೀರ ಅಪರೂಪ. ಮೈ ಕಾಯಬೇಕಾದ ಕಣಗಳೇ ತಪ್ಪು ತಿಳಿದು ಸಣ್ಣ ಸಣ್ಣ ರಕ್ತನಾಳಗಳ ಮೇಲೆ ಬೀಳುತ್ತವೆ. ರಕ್ತ ಹೋಗದ ಜಾಗ ಮೈಯಲ್ಲಿ ಯಾವುದಿದೆ? ಮೂಗು, ಕಿವಿ, ಕಣ್ಣು, ಚರ್ಮ, ಶ್ವಾಸಕೋಶ, ಕೊನೆಗೆ ಕಿಡ್ನಿ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸಾಮಾನ್ಯ ಕಾಯಿಲೆ, ಕೂಡಿಸಿ ನೋಡಿದರೇ ಅದರ ಮುಖ ಕಾಣುವುದು. "ನಾ ಹುಬ್ಬಳ್ಳ್ಯಾಗ ಓದೂ ಮುಂದ ಈ ಪ್ರಶ್ನೇನ ಬಿಟ್ಟು ಫೇಲ್ ಆಗಿದ್ದೆ, ಅದಕ್ಕ ನೆನಪೈತಿ" ಎಂದರು ಹಿರಿಯರು. ಕಿಡ್ನಿಗೆ ತಾಗಿದ ಮೇಲೆ ಇನ್ನು ಹೆಚ್ಚು ಸಮಯವಿಲ್ಲ, ಈಗಿಂದೀಗಲೇ ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಿದರು.

"ಹೆಣ್ಣು ಒಪ್ಪಿಸಿಕೊಟ್ಟು ಸಂಜೆ ಹೊರಟ್ರೆ ಆಗ್ತಿಲ್ಯ?" ಎಂದರು ಮಾಸ್ತರು. "ಬೀಗರಿಗೆ..."

ಮುಂದಿನ ಮಾತು ಪೂರ್ತಿಯಾಗಲಿಲ್ಲ. ಅವರ ಹೆಂಡತಿ ಮದುವೆಯ ರೇಷ್ಮೆ ಸೀರೆಯಲ್ಲಿ ನಮ್ಮ ಹಿಂದೆಯೇ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೆತ್ತಗೆ ಮಾತಾಡುವ ಹೆಂಗಸು, ಅವತ್ತು ದನಿ ಏರಿಸಲೂ ಇಲ್ಲ.

"ಬೀಗರನ್ನ ಆನು ನೋಡ್ಕತ್ತೆ. ಹೆಣ್ಣನ್ನೂ ಆನೇ ಒಪ್ಪಿಸ್ತೆ. ನಿಂಗ ಕಾರು ಹತ್ತಿ."

ಮಾಸ್ತರು ಶಲ್ಯ ಸಮೇತ ಕಾರು ಹತ್ತಿದರು. ಓಡಿಸಿದವರು ಶಿರಸಿಯ ಡಾಕ್ಟರು. ಘಟ್ಟದ ತಿರುವುಗಳುದ್ದಕ್ಕೂ ಮೂವರು ಡಾಕ್ಟರೂ, ನೀವು ಮೊದಲೇ ಕಂಡುಹಿಡಿಯಬೇಕಿತ್ತು, ನೀವು ಕಂಡುಹಿಡಿಯಬೇಕಿತ್ತು ಎಂದು ಜಗಳಾಡಿದರಂತೆ. ನಡುವೆ ಕೂತ ರೋಗಿ ಮೂವರನ್ನೂ ಸಮಾಧಾನ ಮಾಡುತ್ತ ಹೋದರಂತೆ.

ಇತ್ತ ಅವರ ಹೆಂಡತಿ ಮಗಳನ್ನು ಒಪ್ಪಿಸಿಕೊಟ್ಟರು, ನೆಂಟರಿಗೆ ಕುಂಕುಮ ಕೊಟ್ಟು ಕಳಿಸಿದರು, ನನ್ನ ಜೊತೆ ಇನ್ನೊಂದು ಕಾರು ಹತ್ತಿದರು. ಮಂಟಪದ ಗೇಟು ದಾಟಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅವರ ಕೈ ಹಿಡಿದು ಕೂತೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಕಿಡ್ನಿಯ ಚೂರು ತೆಗೆದು ಪರೀಕ್ಷೆ ಮಾಡಿದರು. ಹಿರಿಯ ಡಾಕ್ಟರ ಊಹೆ ಸರಿಯಾಗಿತ್ತು. ಕಿಡ್ನಿ ಅರ್ಧಕ್ಕರ್ಧ ಹಾಳಾಗಿತ್ತು, ಉಳಿದದ್ದು ಉಳಿಯಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ ಎಂದರು. ಅಲ್ಲಿಯ ತಜ್ಞರು ಹುಡುಗ ಪ್ರಾಯದವರು. ಮೈಯ ಕಣಗಳೇ ತಿರುಗಿಬಿದ್ದಿವೆ ಎಂದು ಅವರು ಬಿಡಿಸಿ ಹೇಳಿದಾಗ ಮಾಸ್ತರು ಮರುಕದಿಂದ, "ಪಾಪ, ಅವಕ್ಕೂ ಗೊತ್ತಾಗಿಲ್ಲೆ ಕಾಣ್ತು" ಎಂದರು. ಅವುಗಳನ್ನು ಅಡಗಿಸುವ ಔಷಧಿ ಸಲೈನಿನಲ್ಲಿ ಕೊಡುತ್ತೇವೆ ಎಂದಾಗ, ಪೂರ್ತಿ ಸಾಯಿಸಬೇಡಿ ಎಂದು ಕೇಳಿಕೊಂಡರು. ತಜ್ಞರು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ.

ಆ ತಜ್ಞರಿಗೆ ಪ್ರತಿದಿನ ಬೆಳಿಗ್ಗೆ ಹೇಗಿದ್ದೀರಿ ಎಂದು ಕೇಳಿ, ಅಡ್ಡಿಲ್ಲೆ ಎಂದು ಬರೆದುಕೊಳ್ಳುವುದು ಸಾಕಾಯಿತು. ಕೊನೆಗೆ ಹೆಂಡತಿಯೇ ದುಭಾಷಿಯಾದರು. "ಡಾಕ್ಟರೇ, ಒಂದು ಸಲ ಅಂದ್ರೆ ಸ್ವಲ್ಪ ನೋವಿದ್ದು ಹೇಳಿ ಅರ್ಥ. ಎರಡು ಸಲ ಅಂದ್ರೆ ನಿದ್ದೆ ಬೈಂದಿಲ್ಲೆ ಹೇಳಿ. ನಗ್ತಾ ಅಂದ್ರೆ ಕೂಡ್ಲೇ ಬಂದು ನೋಡವು." ತಜ್ಞರು ಅದರ ಪ್ರಕಾರವೇ ಔಷಧಿ ಕೊಟ್ಟರು. ಒಮ್ಮೆಯೂ ತಪ್ಪಲಿಲ್ಲ.

ಊರಿಗೆ ಬಂದ ಮೇಲೆ ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಅದರಿಂದ ಹಸಿವೆ ಹೆಚ್ಚುತ್ತದೆ, ಸಿಟ್ಟೂ ಬರಬಹುದು ಎಂದು ತಜ್ಞರು ಹೇಳಿಯೇ ಕಳಿಸಿದ್ದರು. ಮಾಸ್ತರಿಗೆ ಸಿಟ್ಟು! ನಾವು ನಕ್ಕಿದ್ದೆವು. ಕೆಲಸಕ್ಕೆ ಬಂದ ವಾರವೇ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, ಹೆಡ್‌ಮಾಸ್ತರ ಭಾಷಣ ಉದ್ದವಾಯಿತು ಎಂದುಬಿಟ್ಟರು. ಕೆಂಪು ಮಸಿಯಲ್ಲಿ ತಪ್ಪು ಗುರುತು ಹಾಕಿದ ಉತ್ತರಪತ್ರಿಕೆ ಹಿಡಿದುಕೊಂಡು ಮಕ್ಕಳು ನನ್ನ ಹತ್ತಿರ ಓಡಿ ಬಂದವು: "ಅಕ್ಕೋರೇ, ಮಾಸ್ತರಿಗೆ ಎಂತಾತು?" ಶಿಷ್ಯನ ಕ್ಷೌರದಂಗಡಿ ಒಂದೇ ಸಾಕೆಂದು ತೀರ್ಮಾನಿಸಿದರು. ಇನ್ನೊಬ್ಬನಿಗೆ ಬೇಜಾರಾಯಿತು, ಒಂದು ವಾರದಲ್ಲಿ ಸರಿಹೋಯಿತು.

ನನಗೆ ಇದೆಲ್ಲ ಹಬ್ಬವಾಗಿತ್ತು. ಆದರೆ ಒಂದು ಸಂಜೆ ಅವರ ಹೆಂಡತಿ ನಮ್ಮ ಮನೆಗೆ ಬಂದು ಜಗುಲಿಯಲ್ಲಿ ಸುಮ್ಮನೆ ಕೂತರು. ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುತ್ತಾರೆ, ಅದರೊಟ್ಟಿಗೆ ಸಿಟ್ಟೂ ಇಳಿಯುತ್ತದೆ ಎಂದು ತಜ್ಞರು ಹೇಳಿದ್ದರಂತೆ. ಈ ರೋಗ ಒಮ್ಮೆ ಅಡಗಿದರೂ ಮತ್ತೆ ತಲೆಯೆತ್ತಬಹುದು, ಸಣ್ಣದೇನು ಕಂಡರೂ ಆ ದಿನವೇ ಹೇಳಬೇಕು, ಉಳಿದ ಅರ್ಧ ಕಿಡ್ನಿಗೆ ಇನ್ನೊಂದು ಪೆಟ್ಟು ತಡೆಯುವ ಶಕ್ತಿಯಿಲ್ಲ ಎಂದೂ ಹೇಳಿದ್ದರಂತೆ.

"ಈಗೇನೋ ಮಾತ್ರೆ ಇದ್ದು, ಎಲ್ಲಾದನ್ನೂ ಬಾಯಿ ಬಿಟ್ಟು ಹೇಳ್ತ್ರು" ಎಂದರು. "ಮಾತ್ರೆ ಮುಗಿದ ಮೇಲೆ ಮತ್ತೆ ಮೊದ್ಲಿನಂಗೇ ಆದ್ರೆ ಎಂತ ಮಾಡವು? ಮತ್ತೆ ಮುಚ್ಚಿಟ್ಟುಕೊಂಡ್ರೆ?"

ಅಷ್ಟು ವರ್ಷದ ಸ್ವಭಾವ ಒಂದು ಮಾತ್ರೆಯಿಂದ ಬದಲಾಗುತ್ತದೆ ಎಂದು ಯಾವ ಗಣಿತದ ಅಕ್ಕೋರು ನಂಬಿಯಾರು? ಅವರು ಹೋದ ಮೇಲೆ ನನಗೂ ಭಯವಾಯಿತು. ಅಲ್ಲಿಂದ ಮುಂದೆ ಮಾಸ್ತರು ಸ್ಟಾಫ್ ರೂಮಿನಲ್ಲಿ ನಗುತ್ತ ಮಾತಾಡಿದರೆ ನಾನು ಅವರ ಕಣ್ಣು ಕೆಂಪಾಗಿದೆಯೇ ಎಂದು ನೋಡುತ್ತಿದ್ದೆ. ಸಿಡುಕಿದರೆ ಸಮಾಧಾನ. ಮಾತ್ರೆ ಇಳಿಯಿತು, ಅರ್ಧವಾಯಿತು, ಚೂರಾಯಿತು. ಬೇಸಿಗೆ ರಜೆ ಬಂದಾಗ ಅವರನ್ನು ನೋಡದೆ ಬಹಳ ದಿನಗಳಾಗಿ ಹೋದವು.

ರಜೆಯಲ್ಲೊಂದು ದಿನ ತಡೆಯಲಾರದೆ ಅವರ ಮನೆಗೆ ಹೊರಟೆ. ಮಾತ್ರೆ ಪೂರ್ತಿ ನಿಂತು ಅಷ್ಟರಲ್ಲಿ ಕೆಲವು ವಾರ ಕಳೆದಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಒಳಗಿನ ಮಾತು ಕೇಳಿ ಹಾಗೇ ನಿಂತೆ.

"ಎಂಗೆ ಬೇಡ ಅಂದ್ರೆ ಬೇಡ" ಎನ್ನುತ್ತಿದ್ದರು ಮಾಸ್ತರು. "ಒಂದೆಲಗದ ತಂಬುಳಿ ಎಂಗೆ ಸೇರ್ತಿಲ್ಲೆ. ಯಾವತ್ತೂ ಸೇರಿದ್ದಿಲ್ಲೆ."

"ಯಾವತ್ತೂ?" ಎಂದರು ಹೆಂಡತಿ. "ನಿಂಗಕ್ಕೆ ಇಷ್ಟ ಹೇಳಿ ಮದ್ವೆ ಆದಾಗಿಂದ ಹಿತ್ಲಲ್ಲಿ ಅದನ್ನೇ ಬೆಳೆಸಿದ್ನಲಾ ಆನು! ಇಷ್ಟು ವರ್ಷ ಸುಮ್ನೆ ಉಂಡಿದ್ದು ಎಂತಕ್ಕೆ ಹಂಗಾರೆ?"

"ನಿಂಗೆ ಬೇಜಾರಾಗ್ತು ಹೇಳಿ."

"ಈಗ ಎಂಗೆ ಬೇಜಾರಾಗ್ತಿಲ್ಯ?"

"ಆಗ್ಲಿ!"

ಒಳಗೆ ಪಾತ್ರೆ ಕುಕ್ಕಿದ ಸದ್ದಾಯಿತು. ಅದರ ಬೆನ್ನಿಗೇ ಅವರ ಹೆಂಡತಿ ಜೋರಾಗಿ ನಕ್ಕದ್ದೋ ಅತ್ತದ್ದೋ ನನಗೆ ಸರಿಯಾಗಿ ತಿಳಿಯಲಿಲ್ಲ. ನಾನು ಚಿಲಕವನ್ನು ಸದ್ದಾಗದಂತೆ ಬಿಟ್ಟು, ಒಳಗೆ ಹೋಗದೆ, ಮನೆಗೆ ವಾಪಸು ಬಂದೆ.